ಆನ್‌ಲೈನ್‌ನಲ್ಲಿ ಸ್ಪೀಚ್ ಪೆಥಾಲಜಿ ಮಾಸ್ಟರ್ಸ್: ಓದಿ ಮುಗಿಸುವುದು ಹೇಗೆ?

ಮಾತು ತಡವಾದ ಮಗು, ಪಾರ್ಶ್ವವಾಯು ಹೊಡೆದು ಮಾತು ಕಳೆದುಕೊಂಡ ಅಜ್ಜ, ನೀರು ಕುಡಿದರೆ ಕೆಮ್ಮು ಬರುವ ರೋಗಿ. ಇವರೆಲ್ಲ ಬರುವುದು ಸ್ಪೀಚ್-ಲಾಂಗ್ವೇಜ್ ಪೆಥಾಲಜಿಸ್ಟ್ ಹತ್ತಿರ. ಅಮೆರಿಕದಲ್ಲಿ ಈ ಕೆಲಸಕ್ಕೆ ಮಾಸ್ಟರ್ಸ್ ಬೇಕು. ನ್ಯೂಯಾರ್ಕ್ ಯೂನಿವರ್ಸಿಟಿ, ಬಾಸ್ಟನ್ನಿನ ಎಮರ್ಸನ್ ಕಾಲೇಜು, ಟೆಕ್ಸಸ್‌ನ ಬೇಲರ್ ಮುಂತಾದ ಕಡೆ ಇದನ್ನು ಆನ್‌ಲೈನ್‌ನಲ್ಲೂ ಕಲಿಸುತ್ತಾರೆ. ಮಕ್ಕಳನ್ನು ಸ್ಕೂಲಿಗೆ ಕಳಿಸಿ ಮನೆಯಲ್ಲೇ ಕೂತು ಓದಬಹುದಲ್ವಾ ಅಂತ ಅಲ್ಲಿರುವ ಕನ್ನಡಿಗರೂ ಕೇಳುತ್ತಾರೆ. ಓದಬಹುದು. ಆದರೆ ಮನೆಗೆ ಬರುವುದು ಪಾಠ ಮಾತ್ರ. ರೋಗಿಯ ಹತ್ತಿರ ನೀವೇ ಹೋಗಬೇಕು. ಇಷ್ಟನ್ನು ಮೊದಲ ದಿನವೇ ತಲೆಯಲ್ಲಿಟ್ಟುಕೊಂಡವರು ಆರಾಮಾಗಿ ಮುಗಿಸುತ್ತಾರೆ.

ಅರ್ಜಿ ಹಾಕುವ ಮುಂಚೆ

ಕೋರ್ಸಿಗೆ ಸಿಎಎ ಮಾನ್ಯತೆ ಇದೆಯಾ ನೋಡಿ. ಅಮೆರಿಕದಲ್ಲಿ ಈ ವಿಷಯದ ಕೋರ್ಸುಗಳಿಗೆ ಮಾನ್ಯತೆ ಕೊಡುವ ಮಂಡಳಿ ಅದು. ಇಲ್ಲದಿದ್ದರೆ ಫೀಸು ಎಷ್ಟೇ ಕಡಿಮೆ ಇದ್ದರೂ ಆ ಕಡೆ ತಲೆ ಹಾಕಬೇಡಿ. ನೀವಿರುವ ರಾಜ್ಯದ ವಿದ್ಯಾರ್ಥಿಗಳನ್ನು ಅವರು ತೆಗೆದುಕೊಳ್ಳುತ್ತಾರಾ ಅಂತಲೂ ಕೇಳಿ, ಎಲ್ಲ ಕೋರ್ಸೂ ಎಲ್ಲ ರಾಜ್ಯಕ್ಕೂ ಇರುವುದಿಲ್ಲ. ವೀಸಾದ ಲೆಕ್ಕವೂ ಇದೆ. ಎಫ್-1, ಅಂದರೆ ವಿದ್ಯಾರ್ಥಿ ವೀಸಾದಲ್ಲಿ ಇರುವವರಿಗೆ ಒಂದು ಸೆಮಿಸ್ಟರ್‌ನಲ್ಲಿ ಒಂದೇ ಆನ್‌ಲೈನ್ ಕ್ಲಾಸು ಫುಲ್‌ಟೈಮ್ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಪೂರ್ತಿ ಆನ್‌ಲೈನ್ ಕೋರ್ಸು ಅವರಿಗೆ ಹೊಂದುವುದಿಲ್ಲ. ಎಚ್-4ನಲ್ಲಿ, ಅಂದರೆ ಎಚ್-1ಬಿ ಕೆಲಸದ ವೀಸಾದವರ ಸಂಗಾತಿಯಾಗಿ ಇರುವವರು ಓದಬಹುದು.

ಬೇರೆ ವಿಷಯದಲ್ಲಿ ಡಿಗ್ರಿ ಮಾಡಿದವರು ಧ್ವನಿವಿಜ್ಞಾನ, ಶರೀರರಚನೆಯಂಥ ಪೂರ್ವಸಿದ್ಧತೆಯ ಕೋರ್ಸುಗಳನ್ನು ಮೊದಲು ಮುಗಿಸಬೇಕಾಗುತ್ತದೆ. ಮೈಸೂರಿನಲ್ಲೋ ಮಂಗಳೂರಿನಲ್ಲೋ ಬಿಎಎಸ್‌ಎಲ್‌ಪಿ (ವಾಕ್ ಶ್ರವಣದ ಪದವಿ) ಮಾಡಿ ಹೋದವರಿಗೆ ಇದರಲ್ಲಿ ಒಂದಿಷ್ಟು ಕೋರ್ಸು ಮಾಡುವುದು ತಪ್ಪಬಹುದು. ಅದಕ್ಕೆ ಅಂಕಪಟ್ಟಿಯ ಜೊತೆ ಹಳೆಯ ಸಿಲಬಸ್ ಪ್ರತಿಯನ್ನೂ ಊರಿಂದ ತರಿಸಿಟ್ಟುಕೊಳ್ಳಿ.

ಪ್ಲೇಸ್‌ಮೆಂಟ್: ಅರ್ಧ ಕೋರ್ಸು ಇಲ್ಲೇ ಇದೆ

ವೃತ್ತಿಯ ಸರ್ಟಿಫಿಕೇಟ್ ಕೊಡುವ ಸಂಸ್ಥೆ ಆಶಾ, ಅಂದರೆ ಅಮೆರಿಕನ್ ಸ್ಪೀಚ್-ಲಾಂಗ್ವೇಜ್-ಹಿಯರಿಂಗ್ ಅಸೋಸಿಯೇಷನ್. ಅದು ಕೇಳುವುದು ಒಟ್ಟು 400 ಗಂಟೆಯ ಪ್ರಾಯೋಗಿಕ ತರಬೇತಿ. ಇದರಲ್ಲಿ 25 ಗಂಟೆ ಬೇರೆಯವರ ಕೆಲಸ ನೋಡುವುದು, 375 ಗಂಟೆ ನೀವೇ ಮಾಡುವುದು. ಆ 375ರಲ್ಲಿ ಕಡೇಪಕ್ಷ 250 ಗಂಟೆ ರೋಗಿಯ ಎದುರೇ ಕೂತು ಮಾಡಿರಬೇಕು. ಕಂಪ್ಯೂಟರಿನ ಕೃತಕ ರೋಗಿಯ ಮೇಲೆ ಮಾಡಿದ್ದು 75 ಗಂಟೆಗಿಂತ ಜಾಸ್ತಿ ಲೆಕ್ಕಕ್ಕೆ ಬರುವುದಿಲ್ಲ.

ಈ ತರಬೇತಿ ಮಾಡುವ ಜಾಗವೇ ಪ್ಲೇಸ್‌ಮೆಂಟ್. ಅದನ್ನು ಹುಡುಕಲು ಕಾಲೇಜಿನಲ್ಲಿ ಪ್ಲೇಸ್‌ಮೆಂಟ್ ತಂಡ ಇರುತ್ತದೆ. ಸುಮ್ನೆ ಅವರನ್ನೇ ನಂಬಿ ಕೂರಬೇಡಿ. ನಿಮ್ಮ ಊರಿನ ಶಾಲಾ ಜಿಲ್ಲೆ (ಅಲ್ಲಿನ ಸರ್ಕಾರಿ ಶಾಲೆಗಳನ್ನು ನಡೆಸುವ ಆಡಳಿತ), ಪುನರ್ವಸತಿ ಕೇಂದ್ರ, ವೃದ್ಧರ ನರ್ಸಿಂಗ್ ಹೋಮ್, ಆಸ್ಪತ್ರೆ ಇವುಗಳ ಪಟ್ಟಿ ಮಾಡಿ. ಎಷ್ಟು ಮೈಲಿ ಡ್ರೈವ್, ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತಾರಾ, ಇಷ್ಟನ್ನು ಬರೆದು ತಂಡಕ್ಕೆ ಕಳಿಸಿ. ಕಾಲೇಜು ಮತ್ತು ಆಸ್ಪತ್ರೆ ನಡುವೆ ಒಪ್ಪಂದದ ಕಾಗದ ಸಹಿಯಾಗಲು ಹಿಡಿಯುವ ಕಾಲ ನೋಡಿದರೆ, ಒಂದು ಸೆಮಿಸ್ಟರ್ ಮುಂಚೆ ಶುರು ಮಾಡಿದರೂ ತಡವೇ. ಮಕ್ಕಳ ಕೇಸು, ದೊಡ್ಡವರ ಕೇಸು ಎರಡೂ ಬೇಕು. ದೊಡ್ಡವರ ಜಾಗ ಸಿಗುವುದು ಕಷ್ಟ, ಮೊದಲು ಅದಕ್ಕೇ ಕೈ ಹಾಕಿ.

ಬೆರಳಚ್ಚು, ಹಿನ್ನೆಲೆ ಪರಿಶೀಲನೆ, ಲಸಿಕೆ ದಾಖಲೆ, ಸಿಪಿಆರ್ ಕಾರ್ಡು ಎಲ್ಲ ಒಂದೇ ಫೈಲಿನಲ್ಲಿರಲಿ. ಭಾರತದಿಂದ ಹೋದವರಿಗೆ ಒಂದು ಕಿವಿಮಾತು: ಚಿಕ್ಕಂದಿನಲ್ಲಿ ಟಿಬಿ ತಡೆಯುವ ಬಿಸಿಜಿ ಲಸಿಕೆ ಹಾಕಿಸಿಕೊಂಡವರಿಗೆ ಚರ್ಮದ ಟಿಬಿ ಪರೀಕ್ಷೆ ಸುಮ್ಮಸುಮ್ಮನೆ ಪಾಸಿಟಿವ್ ಬರುವುದುಂಟು. ಆಮೇಲೆ ಎಕ್ಸ್‌ರೇ ಅಂತ ಅಲೆದಾಟ. ಮೊದಲೇ ಟಿಬಿಯ ರಕ್ತಪರೀಕ್ಷೆ ಮಾಡಿಸಬಹುದಾ ಅಂತ ಕೇಳಿ.

ಮಾಡಿದ ಗಂಟೆಗಳನ್ನು ಅವತ್ತೇ ಬರೆದು ಸೂಪರ್‌ವೈಸರ್ ಸಹಿ ಹಾಕಿಸಿ. ಅವರು ಕೆಲಸ ಬಿಟ್ಟು ಹೋದ ಮೇಲೆ ಸಹಿಗೆ ಹುಡುಕುವ ಪಾಡು ಯಾರಿಗೂ ಬೇಡ.

ಕಿವಿಗೆ ತಾಲೀಮು

ಓದಿಗಿಂತ ಕಿವಿಯ ಕೆಲಸವೇ ಜಾಸ್ತಿ ಅನ್ನಬೇಕು. ಮಗು ಹೇಳಿದ್ದನ್ನು ಕೇಳಿ, ಧ್ವನಿಯ ಚಿಹ್ನೆಗಳಲ್ಲಿ ಬರೆದುಕೊಳ್ಳಬೇಕು. ಇಲ್ಲಿ ಕನ್ನಡದ ಕಿವಿಗೆ ಒಂದೆರಡು ತೊಡಕಿವೆ. ಮೊಲದ ಚಿತ್ರ ನೋಡಿ ‘ರ್ಯಾಬಿಟ್’ ಅನ್ನುವ ಬದಲು ಮಗು ‘ವ್ಯಾಬಿಟ್’ ಅನ್ನುತ್ತದೆ ಅಂದುಕೊಳ್ಳಿ. ತುಟಿ ದುಂಡಗೆ ಮಾಡಿ ಹೇಳಿತಾ, ಮೇಲಿನ ಹಲ್ಲು ಕೆಳತುಟಿಗೆ ತಾಗಿತಾ? ನಮಗೆ ಎರಡೂ ‘ವ’. ಇಂಗ್ಲಿಷಿನಲ್ಲಿ ಎರಡು ಬೇರೆ ಧ್ವನಿ, ಬರೆಯುವ ಚಿಹ್ನೆಯೂ ಬೇರೆ. ಮೊದಲನೆಯದು ಚಿಕ್ಕ ಮಕ್ಕಳಲ್ಲಿ ತೀರಾ ಮಾಮೂಲು, ಎರಡನೆಯದು ಹಾಗಲ್ಲ. ಹಾಗಾಗಿ ಆಡಿಯೊ ಸಾಲದು. ಬಾಯಿ ಕಾಣುವ ವಿಡಿಯೊ ಹಾಕಿಕೊಂಡು, ತುಟಿ ನೋಡುತ್ತಾ ಬರೆಯಿರಿ.

ಮಗುವಿಗೆ ಮಾದರಿ ಹೇಳಿಕೊಡುವಾಗಲೂ ಅಷ್ಟೇ. ನಮ್ಮ ‘ಪ’ ಉಸಿರಿಲ್ಲದ್ದು. ‘ಪೈ’ ಅಂದರೆ ಅಮೆರಿಕದ ಮಗುವಿಗೆ ‘ಬೈ’ ಕೇಳಬಹುದು. ತುಟಿಯ ಮುಂದೆ ತೆಳು ಕಾಗದ ಹಿಡಿದು ಹೇಳಿ, ಕಾಗದ ಅಲ್ಲಾಡಬೇಕು. ನಿಮ್ಮ ಉಚ್ಚಾರದ ಶೈಲಿ ದೋಷವಲ್ಲ, ಅದನ್ನು ಅಳಿಸುವುದೂ ಬೇಡ. ಬೇಕಾದಾಗ ಬೇಕಾದ ಧ್ವನಿ ತೆಗೆಯಲು ಬಂದರೆ ಸಾಕು.

ಇನ್ನು ಭಾಷೆಯ ಮಾದರಿ. ಮಗುವಿನ 50 ಮಾತಿನ ತುಣುಕು ಬರೆದುಕೊಂಡು, ಒಂದೊಂದರಲ್ಲಿ ಎಷ್ಟು ಅರ್ಥದ ಘಟಕ ಇದೆ ಅಂತ ಎಣಿಸಿ ಸರಾಸರಿ ತೆಗೆಯಬೇಕು. ‘ಡಾಗ್ಸ್’ ಅಂದರೆ ಎರಡು: ನಾಯಿ ಒಂದು, ಬಹುವಚನ ಒಂದು. ಐದು ನಿಮಿಷದ ರೆಕಾರ್ಡಿಂಗಿಗೆ ಇಡೀ ಸಂಜೆ ಹೋದರೂ ಬೇಸರ ಬೇಡ, ಕೈ ಪಳಗುತ್ತದೆ.

ಎರಡು ಭಾಷೆ ಆಡುವ ಮಗುವನ್ನು ಇಂಗ್ಲಿಷಿನಲ್ಲಷ್ಟೇ ಅಳೆದು ತೀರ್ಪು ಕೊಡಬಾರದು. ಕನ್ನಡ ಗೊತ್ತಿರುವುದು ಇಲ್ಲಿ ದೊಡ್ಡ ಬಲ. 1965ರಲ್ಲಿ ಶುರುವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕನ್ನಡಕ್ಕೆಂದೇ ಆದ ಪರೀಕ್ಷೆಗಳ ಮೇಲೆ ಬಹಳ ಕೆಲಸ ಆಗಿದೆ, ಹುಡುಕಿ ಓದಿ.

ಕ್ಲಾಸಿನ ಸಮಯದ ಬಗ್ಗೆ ಒಂದೇ ಮಾತು. ಪೂರ್ವ ಕರಾವಳಿಯ ಸಂಜೆ 6 ಅಂದರೆ ಕ್ಯಾಲಿಫೋರ್ನಿಯಾದಲ್ಲಿ ಮಧ್ಯಾಹ್ನ 3, ಸರಿಯಾಗಿ ಮಕ್ಕಳು ಸ್ಕೂಲಿಂದ ಬರುವ ಹೊತ್ತು. ಸೇರುವ ಮುಂಚೆ ಮನೆಯಲ್ಲಿ ಮಾತಾಡಿಕೊಳ್ಳಿ.

ಕೊನೆಯ ಹಂತ

ಆಶಾ ಸರ್ಟಿಫಿಕೇಟಿಗೆ ಬೇಕಾದ ಪ್ರಾಕ್ಸಿಸ್ ಪರೀಕ್ಷೆಯಲ್ಲಿ 132 ಪ್ರಶ್ನೆ, 150 ನಿಮಿಷ. ಅಂಕ ಕೊಡುವುದು 100ರಿಂದ 200ರ ಅಳತೆಯಲ್ಲಿ, ಪಾಸಾಗಲು 162 ಬೇಕು. ಕ್ಲಾಸಿನ ನೋಟ್ಸು ಚೆನ್ನಾಗಿದ್ದರೆ ಇದಕ್ಕೆ ಹೆದರಬೇಕಿಲ್ಲ.

ಡಿಗ್ರಿ ಆದ ಮೇಲೆ ಕ್ಲಿನಿಕಲ್ ಫೆಲೋಶಿಪ್. ಅನುಭವಿಯೊಬ್ಬರ ಕೈಕೆಳಗೆ ಕಡೇಪಕ್ಷ 36 ವಾರ, 1,260 ಗಂಟೆ. ಇದು ಸಾಮಾನ್ಯವಾಗಿ ಸಂಬಳದ ಕೆಲಸ. ಹಾಗಾಗಿ ಎಚ್-4ನವರಿಗೆ ಕೆಲಸದ ಅನುಮತಿಯಾದ ಇಎಡಿ ಬೇಕು, ಅದು ಮುಖ್ಯವಾಗಿ ಸಂಗಾತಿಯ ಐ-140 (ಗ್ರೀನ್ ಕಾರ್ಡಿನ ದಾರಿಯಲ್ಲಿ ಹಾಕುವ ಅರ್ಜಿ) ಒಪ್ಪಿಗೆಯಾಗಿದ್ದರೆ ಸಿಗುತ್ತದೆ. ಆ ಕಾಗದ ಯಾವ ಹಂತದಲ್ಲಿದೆ ಅಂತ ಫೀಸು ಕಟ್ಟುವ ಮುಂಚೆಯೇ ವಕೀಲರ ಹತ್ತಿರ ಕೇಳಿಕೊಳ್ಳಿ.