ಹೈವೇ 395ರಲ್ಲಿ ಆರ್‌ವಿ: ನೀರಿನ ಲೆಕ್ಕ ಹಾಕುತ್ತಾ

ಆರ್‌ವಿ ಅಂದ್ರೆ ಓಡಾಡುವ ಮನೆ ಅಂತಾರೆ. ಸರಿ, ಆದರೆ ಆ ಮನೆಗೆ ಬೀದಿ ನಲ್ಲಿಯೂ ಇಲ್ಲ, ಒಳಚರಂಡಿಯೂ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ 40 ಅಡಿ ಉದ್ದದವರೆಗಿನ ಗಾಡಿಗೆ ಕಾರಿನ ಲೈಸೆನ್ಸೇ ಸಾಕು. ಓಡಿಸೋದು ಒಂದೆರಡು ಗಂಟೆಯಲ್ಲಿ ಕೈಗೆ ಹತ್ತುತ್ತೆ. ಟ್ಯಾಂಕ್‌ಗಳ ಲೆಕ್ಕ ಹತ್ತೋದಕ್ಕೆ ಜಾಸ್ತಿ ಹೊತ್ತು ಬೇಕು.

ಗಾಡಿಯಲ್ಲಿ ಮೂರು ಟ್ಯಾಂಕ್ ಇರುತ್ತವೆ. ಒಳ್ಳೆ ನೀರಿಗೆ ಒಂದು. ಸಿಂಕು, ಸ್ನಾನದ ನೀರು ಸೇರೋದು ಗ್ರೇ ಟ್ಯಾಂಕ್. ಟಾಯ್ಲೆಟ್‌ನದು ಬ್ಲ್ಯಾಕ್. ಎಲ್ಲರೂ ಹೆದರೋದು ಬ್ಲ್ಯಾಕ್‌ಗೆ, ಆದರೆ ನಮ್ಮ ಗಾಡಿಯಲ್ಲಿ ಯಾವಾಗಲೂ ಮೊದಲು ತುಂಬಿದ್ದು ಗ್ರೇ. ನಮ್ಮ ಅಡುಗೆಯೇ ಹಾಗೆ ಅಲ್ವಾ? ಅಕ್ಕಿ ತೊಳೆದ ನೀರು, ಬೇಳೆ ತೊಳೆದ ನೀರು, ಕುಕ್ಕರ್ ತೊಳೆದ ನೀರು ಎಲ್ಲ ಅಲ್ಲಿಗೇ. ಅನ್ನ ಸಾರಿನ ಚೂರು ಸೇರಿದರೆ ಬಿಸಿಲಿಗೆ ನಾತ ಬೇರೆ. ಅದಕ್ಕೇ ತಟ್ಟೆಯನ್ನು ಮೊದಲು ಪೇಪರಿನಲ್ಲಿ ಒರೆಸಿ, ಆಮೇಲೆ ತೊಳೆಯುತ್ತಿದ್ದೆವು. ದಿನ ಬಿಟ್ಟು ದಿನ ನೀರು ಬಿಡುತ್ತಿದ್ದ ಬೆಂಗಳೂರಿನ ಬಡಾವಣೆಯಲ್ಲಿ ಬೆಳೆದವಳು ನಾನು. ಶವರ್ ಬಿಟ್ಟು ಅರ್ಧ ಬಕೆಟ್ ನೀರು, ಒಂದು ಚೊಂಬು ಇಟ್ಟುಕೊಂಡೆ. ಮಕ್ಕಳು ಮೊದಲು ಗೊಣಗಿದರು, ಆಮೇಲೆ ಸುಮ್ಮನಾದರು.

ಒಗ್ಗರಣೆ ಬಗ್ಗೆ ಒಂದು ಮಾತು. ಸ್ಟವ್ ಪ್ರೊಪೇನ್ ಗ್ಯಾಸಿನದು, ಚೆನ್ನಾಗಿಯೇ ಉರಿಯುತ್ತೆ. ಆದರೆ ಸ್ಮೋಕ್ ಅಲಾರಂ ತಲೆಯ ಮೇಲೇ ಇರುತ್ತೆ. ಮೊದಲು ಚಾವಣಿಯ ಕಿಂಡಿ ತೆಗೆದು, ಫ್ಯಾನ್ ಹಾಕಿ, ಆಮೇಲೆ ಒಣಮೆಣಸಿನಕಾಯಿ ಬಾಣಲೆಗೆ ಹಾಕಿ.

ನಾವು ಹೋದದ್ದು ಸಿಯೆರಾ ನೆವಾಡಾ ಬೆಟ್ಟಸಾಲಿನ ಪೂರ್ವಕ್ಕೆ, ಹೈವೇ 395ರಲ್ಲಿ. ಮೈಸೂರಿನಿಂದ ಬಂದಿದ್ದ ಅತ್ತೆಯೂ ಜೊತೆಗಿದ್ದರು. ಲೋನ್ ಪೈನ್ ಊರಿಗಿಂತ ಮುಂಚೆ ಮ್ಯಾಪಿನಲ್ಲಿ ಓವೆನ್ಸ್ ಲೇಕ್ ಅಂತ ದೊಡ್ಡದಾಗಿ ಕಾಣುತ್ತೆ. ಕಿಟಕಿಯಾಚೆ ಬರೀ ಬಿಳಿ ಬಯಲು.

"ಕೆರೆ ಎಲ್ಲಿದೆಯಮ್ಮಾ?" ಅಂತ ಅತ್ತೆ ಕೇಳಿದರು.

"ಲಾಸ್ ಏಂಜಲೀಸಿಗೆ ಹೋಯಿತು ಅತ್ತೆ."

ತಮಾಷೆಯ ಮಾತಲ್ಲ ಅದು. 1913ರಲ್ಲಿ ಇಲ್ಲಿನ ನದಿ ನೀರನ್ನು 233 ಮೈಲಿ ಕಾಲುವೆ, ಪೈಪುಗಳಲ್ಲಿ ಲಾಸ್ ಏಂಜಲೀಸಿಗೆ ತಿರುಗಿಸಿದರು. ಪಂಪ್ ಕೂಡ ಬೇಕಾಗಲಿಲ್ಲ, ಇಳಿಜಾರಿನಲ್ಲೇ ಹರಿದುಹೋಯಿತು. ಮುಂದಿನ ದಶಕದಲ್ಲಿ ಕೆರೆ ಬತ್ತಿತು. ಧೂಳು ಏಳದಿರಲಿ ಅಂತ ಈಗ ಅಲ್ಲಲ್ಲಿ ತೆಳ್ಳಗೆ ನೀರು ನಿಲ್ಲಿಸುತ್ತಾರೆ, ಜಲ್ಲಿ ಹರಡುತ್ತಾರೆ. ಅತ್ತೆ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, "ಪಾತ್ರೆ ಆಮೇಲೆ ತೊಳೆಯೋಣ ಬಿಡು" ಅಂದರು.

ಉಳಿದುಕೊಂಡದ್ದು ಲೋನ್ ಪೈನ್ ಹತ್ತಿರ, ಟಟಲ್ ಕ್ರೀಕ್ ಕ್ಯಾಂಪ್‌ಗ್ರೌಂಡಿನಲ್ಲಿ. ಸರ್ಕಾರಿ ಜಾಗ. ಕರೆಂಟಿಲ್ಲ, ನೀರಿನ ಕನೆಕ್ಷನ್ ಇಲ್ಲ. ಆದರೆ ಎದುರಿಗೇ 14,505 ಅಡಿಯ ಮೌಂಟ್ ವಿಟ್ನಿ. ಇಂಥ ಕಡೆ ಕೈ ಬಿಗಿಹಿಡಿದು ಖರ್ಚು ಮಾಡಬೇಕು, ಬ್ಯಾಟರಿಯನ್ನೂ ನೀರನ್ನೂ. ರಾತ್ರಿ ಹತ್ತಾದರೆ ಗಲಾಟೆ ಇಲ್ಲ, ಜನರೇಟರ್ ಆಫ್. ಎರಡು ರಾತ್ರಿ ಹೀಗೆ ಕಳೆದರೆ ಮೂರನೆಯದಕ್ಕೆ ಖಾಸಗಿ ಕ್ಯಾಂಪ್‌ಗ್ರೌಂಡ್ ಹಿಡಿಯೋದು ನನ್ನ ಪದ್ಧತಿ. ಅಲ್ಲಿ ನೀರು, ಕರೆಂಟು, ಚರಂಡಿ ಮೂರೂ ಸಿಗುತ್ತವೆ. ಬೆಲೆ ಜಾಸ್ತಿ, ಗಾಡಿಗಳು ಒತ್ತೊತ್ತಾಗಿ ನಿಂತಿರುತ್ತವೆ, ನೋಡೋಕೆ ಪಾರ್ಕಿಂಗ್ ಲಾಟಿನ ಹಾಗೇ. ಬಟ್ಟೆ ಒಗೆದುಕೊಂಡು ಹೊರಡಬೇಕು ಅಷ್ಟೆ.

ಟ್ಯಾಂಕ್ ಖಾಲಿ ಮಾಡೋದು ಅಂಥ ದೊಡ್ಡ ವಿದ್ಯೆಯೇನಲ್ಲ. ಕೈಗೆ ಗ್ಲೌಸ್ ಹಾಕಿ. ದಪ್ಪ ಪೈಪಿನ ಒಂದು ತುದಿಯನ್ನು ಗಾಡಿಯ ಅಡಿಗೆ ತಿರುಗಿಸಿ ಕೂರಿಸಿ, ಇನ್ನೊಂದನ್ನು ನೆಲದ ತೂತಿಗೆ ಬಿಗಿಯಾಗಿ ಇಳಿಸಿ. ಮೊದಲು ಬ್ಲ್ಯಾಕ್ ವಾಲ್ವ್ ಎಳೆಯಿರಿ. ಸದ್ದು ನಿಂತ ಮೇಲೆ ಅದನ್ನು ಮುಚ್ಚಿ, ಗ್ರೇ ಬಿಡಿ. ಸೋಪಿನ ನೀರು ಪೈಪನ್ನು ತೊಳೆದುಕೊಂಡೇ ಹೋಗುತ್ತೆ. ಅದಕ್ಕಾಗಿಯೇ ಈ ಕ್ರಮ. ಡಂಪ್ ಸ್ಟೇಷನ್ನಿನಲ್ಲಿ, ಅಂದ್ರೆ ಟ್ಯಾಂಕ್ ಖಾಲಿ ಮಾಡುವ ಜಾಗದಲ್ಲಿ, ಪೈಪ್ ತೊಳೆಯೋದಕ್ಕೆ ಬೇರೆ ನಲ್ಲಿ ಇರುತ್ತೆ, ಕುಡಿಯುವ ನೀರಿನ ನಲ್ಲಿಗೆ ಅದನ್ನು ತಾಗಿಸಲೇಬಾರದು. ಕೊನೆಗೆ ಬ್ಲ್ಯಾಕ್ ಟ್ಯಾಂಕಿಗೆ ಸ್ವಲ್ಪ ನೀರು, ಒಂದು ಕೆಮಿಕಲ್ ಪ್ಯಾಕೆಟ್.

ಈ ಕೆಲಸಗಳಿಗೇ ಸಣ್ಣ ಊರುಗಳಲ್ಲಿ ನಿಲ್ಲಬೇಕಾಗುತ್ತೆ. ನನಗಂತೂ ಪ್ರವಾಸದ ರುಚಿ ಅಲ್ಲೇ ಹತ್ತಿತು. ಹೈವೇಯೇ ಊರಿನ ಮುಖ್ಯ ಬೀದಿ, 65 ಮೈಲಿ ವೇಗ ದಿಢೀರನೆ 25ಕ್ಕೆ ಇಳಿಯುತ್ತೆ, ಹುಷಾರು. ಲೋನ್ ಪೈನ್ ದಾಟಿದರೆ ಮಾಂಜನಾರ್. ಎರಡನೇ ಮಹಾಯುದ್ಧದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜಪಾನಿ ಮೂಲದ ಜನರನ್ನು ಕೂಡಿಹಾಕಿದ್ದ ಜಾಗ. ಕಾವಲು ಗೋಪುರ, ಮರದ ಶೆಡ್ಡುಗಳನ್ನು ಮತ್ತೆ ಕಟ್ಟಿ ನಿಲ್ಲಿಸಿದ್ದಾರೆ. ಇದಕ್ಕೆ ಅರ್ಧ ದಿನ ಇಡಿ. ಬಿಷಪ್‌ನಲ್ಲಿ ಲಾಂಡ್ರಿ, ಪ್ರೊಪೇನ್, ತರಕಾರಿ ಎಲ್ಲ ಒಂದೇ ಊರಲ್ಲಿ ಮುಗಿಯುತ್ತೆ. ಬಟ್ಟೆ ಒಣಗುವಷ್ಟರಲ್ಲಿ ಅತ್ತೆಗೆ ಲಾಂಡ್ರಿಯಲ್ಲಿ ಒಬ್ಬ ಅಜ್ಜಿ ಗೆಳತಿಯಾದರು. ಇಬ್ಬರಿಗೂ ಮಂಡಿನೋವು, ಭಾಷೆ ಬೇಕಾಗಲಿಲ್ಲ.

ಬಿಷಪ್ ದಾಟಿದ ಮೇಲೆ ಏರು ಜೋರು. ಎಸಿ ಆಫ್ ಮಾಡಿ, ಬಲಗಡೆ ಲೇನಿನಲ್ಲೇ ಹೋಗಿ, ಹಿಂದಿನವರು ಹಾರ್ನ್ ಹೊಡೆದರೆ ಹೊಡೆಯಲಿ. ಅಡ್ಡಗಾಳಿಯ ಎಚ್ಚರಿಕೆ ಇದ್ದ ದಿನ ಹೊರಡಲೇಬೇಡಿ. ಎತ್ತರದ ಗಾಡಿ, ಪಕ್ಕಕ್ಕೆ ಎಳೆಯುತ್ತೆ.

ಲೀ ವೈನಿಂಗ್ ಊರಿನ ಪಕ್ಕದಲ್ಲೇ ಮೋನೊ ಲೇಕ್. ದಡದಲ್ಲಿ ನಿಂತಿರುವ ಸುಣ್ಣದ ಕಂಬಗಳು ಒಂದು ಕಾಲಕ್ಕೆ ನೀರಿನಡಿ ಇದ್ದವು. 1941ರಿಂದ ಇದರ ತೊರೆಗಳನ್ನೂ ಲಾಸ್ ಏಂಜಲೀಸಿಗೆ ತಿರುಗಿಸಿದರು, ನೀರು ಸುಮಾರು 45 ಅಡಿ ಇಳಿಯಿತು. ಜನ ಕೋರ್ಟಿಗೆ ಹೋದರು. 1994ರಲ್ಲಿ ಕೆರೆಯ ನೀರನ್ನು ಸಮುದ್ರ ಮಟ್ಟದಿಂದ 6,392 ಅಡಿ ಎತ್ತರದವರೆಗೆ ಏರಿಸಬೇಕು ಅಂತ ರಾಜ್ಯದ ನೀರಿನ ಮಂಡಳಿ ಆದೇಶ ಕೊಟ್ಟಿತು. "ನಮ್ಮ ಕಾವೇರಿ ಗಲಾಟೆ ಇಲ್ಲೂ ಇದೆಯಾ?" ಅಂದರು ಅತ್ತೆ.

ಹೋಗೋದಾದರೆ ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರ್ ಶುರುವಿನಲ್ಲಿ ಹೋಗಿ. ಜುಲೈನಲ್ಲಿ ಲೋನ್ ಪೈನ್ ಕಾದ ಹೆಂಚು. ಆದರೆ ಅಕ್ಟೋಬರ್ ರಾತ್ರಿ ಮೇಲಿನ ಕಡೆ ಚಳಿಗೆ ನೀರು ಹೆಪ್ಪುಗಟ್ಟಬಹುದು. ಮಲಗೋ ಮುಂಚೆ ಹೊರಗಿನ ನೀರಿನ ಪೈಪ್ ಬಿಚ್ಚಿ, ಒಳಗಿನ ಟ್ಯಾಂಕಿನ ನೀರನ್ನೇ ಬಳಸಿ.