ಟೈಬ್ರೇಕಲ್ಲಿ ಕೈ ನಡುಗೋದು ನಿಂತಿದ್ದು ಹೇಗೆ: ನನ್ನ ಅನುಭವ

ಒಬ್ಬ ಹುಡುಗೀನ ಮೊದಲು ಓಡ್ಸಿ ಸುಸ್ತು ಮಾಡಿ ಆಮೇಲೆ ಟೈಬ್ರೇಕ್ (ಟೆನಿಸಲ್ಲಿ ಸೆಟ್ 6-6 ಆದಾಗ ಆಡೋದು, ಎರಡು ಪಾಯಿಂಟ್ ಅಂತರದಲ್ಲಿ ಮೊದಲು ಏಳು ಮುಟ್ಟಿದೋರಿಗೆ ಸೆಟ್) ಆಡ್ಸೋದಕ್ಕೆ ಸುಮಾರು ಒಂದೂವರೆ ವರ್ಷ "ಇದೇನ್ ಸಾರ್ ಹುಚ್ಚಾಟ" ಅಂತ ಕೇಳಿಸ್ಕೊಂಡಿದೀನಿ, ಅದಕ್ಕೇ ಈಗ ಕೂತು ಬರೀತಿರೋದು. ಮೈಸೂರಲ್ಲಿ ಟೆನಿಸ್ ಜೂನಿಯರ್ಸ್‌ಗೆ ಫಿಟ್ನೆಸ್ ಮಾಡ್ಸೋನು ನಾನು. ನಮ್ ಹುಡುಗಿ, ಹೆಸರು ಬೇಡ, ಚಿಕ್ಕೋಳಿದ್ದಾಗಿಂದ ಕಿಟ್ ಬ್ಯಾಗ್ ಮೇಲೆ ಒಲಿಂಪಿಕ್ಸಿನ ಐದು ರಿಂಗ್ ಬರ್ಕೊಂಡು ಓಡಾಡ್ತಾಳೆ. 2032ರ ಬ್ರಿಸ್ಬೇನ್ ಹೊತ್ತಿಗೆ ಅವಳಿಗೆ 23. ಸಿಂಗಲ್ಸ್‌ಗೆ 2024ರ ಪ್ಯಾರಿಸಲ್ಲಿ 64 ಜನ, ಅದ್ರಲ್ಲಿ 56 ಜನ ರ್‍ಯಾಂಕಿಂಗ್ ಮೇಲೇ ಬಂದಿದ್ದು, ಅದು ಎಷ್ಟು ದೂರ ಅಂತ ಅವರಪ್ಪನಿಗೂ ಗೊತ್ತು, ನಂಗೂ ಗೊತ್ತು. ಅವಳಿಗೆ ಮಾತ್ರ ಗೊತ್ತಿಲ್ಲ, ಒಳ್ಳೇದೇ ಆಯ್ತು.

ತೊಂದ್ರೆ ಒಂದೇ. 5-5 ತನಕ ಹುಲಿ, ಟೈಬ್ರೇಕ್ ಬಂತು ಅಂದ್ರೆ ಸೆಕೆಂಡ್ ಸರ್ವ್ ನೆಟ್ಟಿಗೆ. ನನ್ನ ನೋಟ್‌ಬುಕ್ ಪ್ರಕಾರ ಒಂದು ಸೀಸನ್‌ನಲ್ಲಿ ಹದಿಮೂರೋ ಹದಿನಾಲ್ಕೋ ಟೈಬ್ರೇಕ್ ಆಡಿ ಹನ್ನೊಂದು ಸೋತಿದ್ಲು. ಮೊದಲು ಎಲ್ರೂ ಮಾಡೋದನ್ನೇ ಮಾಡಿದ್ವಿ, ಒಬ್ರು ಕೌನ್ಸೆಲರ್ ಹತ್ರ ಕರ್ಕೊಂಡು ಹೋದ್ವಿ. ಗಂಟೆಗೆ 2,000, ಎಂಟೊಂಬತ್ತು ಸಲ ಹೋಗಿರಬಹುದು. ಎಸಿ ರೂಮು, ಮೆತ್ತನೆ ಕುರ್ಚಿ, ಕಣ್ಮುಚ್ಚಿ ಗೆದ್ದಂಗೆ ನೆನೆಸ್ಕೊ ಅನ್ನೋದು. ಅವರನ್ನ ದೂರಲ್ಲ, ಆದ್ರೆ ಆ ರೂಮಲ್ಲಿ ಅವಳ ಹಾರ್ಟ್ ರೇಟ್ 70, ಟೈಬ್ರೇಕಲ್ಲಿ 170. ಎಪ್ಪತ್ತರಲ್ಲಿ ಕಲಿತಿದ್ದು ನೂರೆಪ್ಪತ್ತರಲ್ಲಿ ನೆನಪಿಗೇ ಬರಲ್ಲ.

2024 ಆಗಸ್ಟ್ 4, ಪ್ಯಾರಿಸ್ ಒಲಿಂಪಿಕ್ಸ್ ಫೈನಲ್ ನೋಡ್ತಾ, ಹಾರ್ಟ್ ರೇಟ್ ಏರಿಸಿಯೇ ಟೈಬ್ರೇಕ್ ಪ್ರಾಕ್ಟೀಸ್ ಮಾಡ್ಸಬೇಕು ಅಂತ ತಲೆಗೆ ಹೊಳೀತು. ಜೊಕೊವಿಚ್‌ಗೆ 37, ಜೂನಲ್ಲಿ ಮಂಡಿ ಆಪರೇಷನ್ ಆಗಿತ್ತು, ಅಲ್ಲೀತನಕ ನಾಲ್ಕು ಒಲಿಂಪಿಕ್ಸ್ ಆಡಿ ಸಿಕ್ಕಿದ್ದು 2008ರ ಒಂದು ಕಂಚು. ಎದುರಿಗೆ ಸ್ಪೇನಿನ ಅಲ್ಕರಾಜ್. ಎರಡು ಸೆಟ್‌ನಲ್ಲಿ ಒಬ್ರ ಸರ್ವೂ ಬ್ರೇಕ್ ಆಗ್ಲಿಲ್ಲ, ಎರಡೂ ಟೈಬ್ರೇಕು, ಎರಡನ್ನೂ ಗೆದ್ದಿದ್ದು ಜೊಕೊವಿಚ್, 7-3, 7-2. ಎಲ್ರೂ ಫೋರ್‌ಹ್ಯಾಂಡ್ ನೋಡ್ತಿದ್ರು, ನಾನು ಪಾಯಿಂಟ್ ಮುಗಿದ್ಮೇಲೆ ಮನುಷ್ಯ ಏನ್ಮಾಡ್ತಾನೆ ಅಂತ ಬರೀ ಅದನ್ನೇ ಮೂರು ಸಲ ರಿವೈಂಡ್ ಮಾಡ್ಕೊಂಡು ನೋಡಿದೆ.

ಶುರುವಲ್ಲೇ ಎಡವಟ್ಟು. ಚಾಮುಂಡಿ ಬೆಟ್ಟದ ಮೆಟ್ಲು ಹತ್ಸಿ, ಸುಸ್ತಾದ ಮೇಲೆ ಕೋರ್ಟಿಗೆ ಕರ್ಕೊಂಡು ಬಂದು ಟೈಬ್ರೇಕ್ ಆಡ್ಸೋದು ಅಂತ ಪ್ಲಾನು. ಬೆಟ್ಟದಿಂದ ಕೋರ್ಟಿಗೆ ಬರೋಷ್ಟರಲ್ಲಿ ಹಾರ್ಟ್ ರೇಟ್ 90, ಮೇಡಮ್ಮು ಹಿಂದಿನ ಸೀಟಲ್ಲಿ ನಿದ್ದೆ. ಒಂದು ತಿಂಗಳು ಪೆಟ್ರೋಲ್ ದಂಡ. ಆಮೇಲೆ ಎಲ್ಲ ಕೋರ್ಟಲ್ಲೇ ಮಾಡ್ಸಿದೆ: ಆರು ಸ್ಪೈಡರ್ ರನ್ (ಕೋರ್ಟಿನ ಮೂಲೆ ಮೂಲೆಗೆ ಓಡಿ ವಾಪಸ್ ಬರೋದು), ಹಾರ್ಟ್ ರೇಟ್ ಅಳೆಯೋ ಸ್ಟ್ರಾಪಲ್ಲಿ 165 ದಾಟಿದ ತಕ್ಷಣ ಟೈಬ್ರೇಕು, ಅದೂ 2-5 ಹಿಂದೆ ಇದ್ದಂಗೆ ಶುರು. ಪಾಯಿಂಟ್ ಮಧ್ಯೆ ಫೋನಲ್ಲಿ 25 ಸೆಕೆಂಡ್ ಟೈಮರ್. ಮೊದಲು ನೆಟ್ಟಿಗೆ ಬೆನ್ನು ಹಾಕಿ ಉಸಿರು ಪೂರ್ತಿ ಹೊರಗೆ, ಆಮೇಲೆ ನಾಲ್ಕು ಎಣಿಸಿ ಒಳಗೆ, ಆರು ಎಣಿಸಿ ಹೊರಗೆ, ಎರಡೇ ಸಲ. ಟವಲ್ ಮುಟ್ಟೋವಾಗ್ಲೇ ಸರ್ವ್ ಎಲ್ಲಿಗೆ ಅಂತ ತೀರ್ಮಾನ, ಬಾಲ್ ಕೈಗೆ ಬಂದ್ಮೇಲೆ ಬದಲಾಯಿಸಂಗಿಲ್ಲ. ಕೊನೆ ಐದು ಸೆಕೆಂಡ್ ಏನ್ಮಾಡ್ತಾಳೆ ಅನ್ನೋದು ನಮ್ಮಿಬ್ರಿಗೇ ಇರ್ಲಿ.

ಒಬ್ರು ಹಿರಿಯ ಕೋಚು "ಸುಸ್ತಾದಾಗ ಆಡ್ಸಿದ್ರೆ ಟೆಕ್ನಿಕ್ ಕೆಡುತ್ತೆ, ಮಗು ಕಾಲೂ ಹೋಗುತ್ತೆ" ಅಂದ್ರು. ಕಾಲಿನ ವಿಷ್ಯ ಅವರಂದಿದ್ದೇ ಆಯ್ತು. ವಾರಕ್ಕೆ ನಾಲ್ಕು ದಿನ ಹಾರ್ಡ್ ಕೋರ್ಟಲ್ಲಿ ಮಾಡ್ಸಿದ್ದೆ, ಮೂರನೇ ವಾರಕ್ಕೆ ಮೊಣಕಾಲಿನ ಕೆಳಗೆ ಮೂಳೆ ನೋವು. ಎಂಆರ್‌ಐಗೆ ಆರೂವರೆ ಸಾವಿರ, ಪುಣ್ಯಕ್ಕೆ ಬಿರುಕು ಇರ್ಲಿಲ್ಲ, ಐದು ವಾರ ರೆಸ್ಟು. ಅವರಪ್ಪ ಏನೂ ಬೈಲಿಲ್ಲ, ಬೈದಿದ್ರೇ ಚೆನ್ನಾಗಿತ್ತು. ಆಮೇಲೆ ವಾರಕ್ಕೆ ಎರಡೇ ದಿನ, ಅದೂ ಮಣ್ಣಿನ ಕೋರ್ಟಲ್ಲಿ ಮಾತ್ರ.

ಆದ್ರೂ ಪ್ರಾಕ್ಟೀಸಲ್ಲಿ ಕೈ ನಡುಗ್ತಿರ್ಲಿಲ್ಲ, ಮ್ಯಾಚಲ್ಲಿ ನಡುಗೋದು. ಸೋತ್ರೆ ಪುಷ್‌ಅಪ್ ಅಂದ್ರೆ ನಗ್ತಾ ಹೊಡೀತಿದ್ಲು. ಕೊನೆಗೆ ಒಂದು ಬಿಸ್ಕತ್ ಡಬ್ಬಿ ಇಟ್ಟೆ, ಟೈಬ್ರೇಕ್ ಸೋತ್ರೆ ಅವಳ ಪಾಕೆಟ್ ಮನೀಲಿ 50 ರೂಪಾಯಿ ಡಬ್ಬಿಗೆ, ಅದು ಜೊತೆಗೆ ಆಡೋ ಹುಡುಗನಿಗೆ. ನಂಬ್ತೀರೋ ಇಲ್ವೋ, 5-6ಕ್ಕೆ ಕೈ ನಡುಗೋಕೆ ಶುರುವಾಯ್ತು! ಅಷ್ಟು ಖುಷಿ ನಂಗೆ ಯಾವತ್ತೂ ಆಗಿಲ್ಲ, ಇನ್ಮೇಲೆ ಉಸಿರಾಟಕ್ಕೆ ಕೆಲಸ ಸಿಕ್ತಲ್ಲ. ಡಬ್ಬೀಲಿ 1,800 ಆದ ದಿನ ಆ ಹುಡುಗ ಹೊಸ ಶೂ ಬುಕ್ ಮಾಡ್ಬಿಟ್ಟ, ಇವಳು ಎರಡು ದಿನ ನನ್ನ ಜೊತೆ ಮಾತಾಡ್ಲಿಲ್ಲ.

ಪಕ್ಕದಲ್ಲೇ ಛತ್ರ ಇದೆ, ಲಗ್ನದ ಸೀಸನ್‌ನಲ್ಲಿ ವಾಲಗ ಬಡಿಯೋ ಮುಹೂರ್ತ ನೋಡ್ಕೊಂಡೇ ಟೈಬ್ರೇಕ್ ಇಟ್ಕೊಳ್ತಿದ್ದೆ, ಗಲಾಟೆಗೆ ಅಂತ ಸ್ಪೀಕರ್ ತರೋ ಖರ್ಚು ಉಳೀತು. ಟೋಕಿಯೋ ಒಲಿಂಪಿಕ್ಸಿನ ಸೆಕೇಲಿ ಸ್ಪೇನಿನ ಆಟಗಾರ್ತಿ ಬಡೋಸಾ ವೀಲ್‌ಚೇರಲ್ಲಿ ಹೊರಗೆ ಹೋಗಿದ್ದು ನೋಡಿ, ಬಿಸಿಲಿಗೆ ರಾಗಿ ಅಂಬಲಿಗೆ ಮಜ್ಜಿಗೆ ಉಪ್ಪು ಹಾಕಿ ಕೊಟ್ಟೆ, ಓಡೋವಾಗ ಹೊಟ್ಟೇಲಿ ಕೊಡ ತುಳುಕ್ದಂಗೆ ತುಳುಕ್ತಿತ್ತಂತೆ. ಈಗ ಅಂಬಲಿ ಬೆಳಿಗ್ಗೆ ಮಾತ್ರ, ಕೋರ್ಟಲ್ಲಿ ನಿಂಬೆಹಣ್ಣು, ಉಪ್ಪು, ಬೆಲ್ಲ. ಅಳತೆ ಹೇಳಲ್ಲ. ನಮ್ ಕೊಡಗಿನ ಬೋಪಣ್ಣ ಮಂಡಿ ಸವೆದು ಹೋದ್ಮೇಲೆ ಅಯ್ಯಂಗಾರ್ ಯೋಗ ಹಿಡಿದು 43ನೇ ವಯಸ್ಸಲ್ಲಿ ಡಬಲ್ಸ್ ನಂಬರ್ ಒನ್ ಆದ್ರಲ್ಲ, ಅದನ್ನೂ ಹಗ್ಗ ಕುರ್ಚಿ ಇಟ್ಟು ಮಾಡ್ಸಿದೆ. ಸೊಂಟ ಚೆನ್ನಾಗಿ ಬಿಟ್ಕೊಂತು, ಆದ್ರೆ ಅವಳಿಗೆ ಬೋರು.

ಕಳೆದ ಹನ್ನೆರಡೋ ಹದಿಮೂರೋ ಟೈಬ್ರೇಕಲ್ಲಿ ಒಂಬತ್ತು ಗೆದ್ದಿದಾಳೆ. ಹೋದ ಟೂರ್ನಮೆಂಟ್ ಸೆಮಿಫೈನಲ್ ಟೈಬ್ರೇಕಲ್ಲಿ 2-6 ಹಿಂದೆ, ನಾಲ್ಕು ಸೆಟ್ ಪಾಯಿಂಟ್ ಎದುರಿಗೆ. 2004ರ ಅಥೆನ್ಸ್ ಡಬಲ್ಸ್ ಫೈನಲಲ್ಲಿ ಚಿಲಿಯ ಮಾಸು, ಗೊನ್ಸಾಲೆಸ್ ಇದೇ 2-6ರಲ್ಲಿ ನಾಲ್ಕು ಮ್ಯಾಚ್ ಪಾಯಿಂಟ್ ಉಳಿಸ್ಕೊಂಡು ಚಿನ್ನ ಹೊಡೆದ ಕತೆ ಅವಳಿಗೆ ಬಾಯಿಪಾಠ, ನಾನೇ ತಲೆ ತಿಂದು ಹೇಳಿರೋದು. ಎತ್ಕೊಂಡ್ಲು, 9-7. ಬೇಲಿ ಆಚೆ ನಿಂತಿದ್ದ ನನ್ನ ಹಾರ್ಟ್ ರೇಟು ಅವಳಿಗಿಂತ ಜಾಸ್ತಿ ಇತ್ತೇನೋ.

ಒಟ್ಟು ಖರ್ಚು, ಸ್ಟ್ರಾಪ್ ನಾಲ್ಕು ಸಾವಿರ, ಎಂಆರ್‌ಐ, ಪೆಟ್ರೋಲು ಎಲ್ಲ ಸೇರಿ 20 ಸಾವಿರದ ಆಸುಪಾಸು. ಆ ಎಸಿ ರೂಮಿಗೂ ಹತ್ತತ್ರ ಅಷ್ಟೇ ಆಗಿತ್ತು. ಈಗ ಡಬಲ್ಸಲ್ಲಿ ಹತ್ತು ಪಾಯಿಂಟಿನ ಟೈಬ್ರೇಕಿಗೆ ಇದನ್ನೇ ಹಿಗ್ಗಿಸ್ತಿದೀನಿ, ಅಲ್ಲಿ ಅರ್ಧಕ್ಕೇ ಹಾರ್ಟ್ ರೇಟ್ ಇಳಿದು ಹೋಗ್ತಿದೆ, ಮಧ್ಯೆ ಮತ್ತೆ ಓಡ್ಸಬೇಕೇನೋ. ಪಾರ್ಟ್ನರ್ ಬೇರೆ ಡಬ್ಬಿಗೆ ದುಡ್ಡು ಹಾಕಲ್ಲ ಅಂತ ಕೂತಿದಾಳೆ.