ನಾಳದ ಕೋಶಗಳೂ ಕಂದಾಗದೆ ಉಳಿದ ದಿನ

ಮಂಗಳೂರಿನಲ್ಲಿ ಸ್ತನ ಕ್ಯಾನ್ಸರಿನ ಸ್ಲೈಡುಗಳನ್ನು ಓದುವುದು ನನ್ನ ನಿತ್ಯದ ಕೆಲಸ. ಪುತ್ತೂರು, ಸುಳ್ಯ, ಕಾರ್ಕಳದ ಕಡೆಯಿಂದ ಬರುವ ಗಡ್ಡೆಯಲ್ಲಿ ಕ್ಯಾನ್ಸರ್ ಇದೆ ಎಂದು ಹೇಳಿದ ಮಾತ್ರಕ್ಕೆ ಅದು ಮುಗಿಯುವುದಿಲ್ಲ. ಹಾರ್ಮೋನುಗಳನ್ನು ಹಿಡಿಯುವ ಈಸ್ಟ್ರೋಜನ್ ರಿಸೆಪ್ಟರ್ ಮತ್ತು ಪ್ರೊಜೆಸ್ಟರೋನ್ ರಿಸೆಪ್ಟರ್, ಕೋಶದ ಬೆಳವಣಿಗೆಗೆ ಕುಮ್ಮಕ್ಕು ಕೊಡುವ ಹರ್-2, ಕೋಶಗಳು ವಿಭಜನೆಯಾಗುತ್ತಿರುವುದನ್ನು ತೋರಿಸುವ ಕೆಐ-67 ಎಂಬ ನಾಲ್ಕು ಪ್ರೋಟೀನುಗಳು ಕೋಶಗಳಲ್ಲಿ ಎಷ್ಟಿವೆ ಎಂಬುದನ್ನೂ ತಿಳಿಸಬೇಕು, ಏಕೆಂದರೆ ರೋಗ ಹೇಗೆ ಮುಂದುವರಿದೀತು, ಯಾವ ಮದ್ದು ನಾಟೀತು ಎಂಬ ಅಂದಾಜು ಬಹುಮಟ್ಟಿಗೆ ಅವುಗಳನ್ನೇ ಅವಲಂಬಿಸಿದೆ.

ಕೆಲವು ವರ್ಷಗಳ ಹಿಂದೆ, ಆಟಿಯ ಮಳೆ ಬಿಡದೆ ಸುರಿಯುತ್ತಿದ್ದ ಒಂದು ಸೋಮವಾರ, ಶನಿವಾರ ತೆಗೆದಿದ್ದ ಇಡೀ ಸ್ತನವೊಂದು ಸೀಳದೆಯೇ ಡಬ್ಬಿಯಲ್ಲಿ ಬಂತು. ಹೊರಮೈ ಅಂಗಾಂಶ ಕೆಡದಂತೆ ಕಾಯುವ ಫಾರ್ಮಲಿನ್ ದ್ರಾವಣದಲ್ಲಿ ಬಿಗಿದು ಗಟ್ಟಿಯಾಗಿತ್ತು. ಕತ್ತರಿಸಿ ನೋಡಿದರೆ ಗಡ್ಡೆಯ ನಡುಭಾಗ ಇನ್ನೂ ಹಸಿಯಾಗಿ ಮೆತ್ತಗಿತ್ತು. ಫಾರ್ಮಲಿನ್ ಅಂಗಾಂಶದೊಳಗೆ ಬಹಳ ನಿಧಾನವಾಗಿ ಇಳಿಯುತ್ತದೆ, ಅದು ತಲುಪುವಷ್ಟರಲ್ಲಿ ಪ್ರೋಟೀನು ಹಾಳಾಗಿರುತ್ತದೆ. ಈ ಪ್ರೋಟೀನುಗಳು ಇದ್ದಲ್ಲಿ ಕಂದಾಗುವ ಬಣ್ಣ ಹಾಕಿದಾಗ ಎರಡೂ ರಿಸೆಪ್ಟರ್ ಸೊನ್ನೆ, ಹರ್-2 ಕೂಡ ಸೊನ್ನೆ. ಟ್ರಿಪಲ್ ನೆಗೆಟಿವ್, ಅಂದರೆ ಈ ಮೂರೂ ಇಲ್ಲದ ಗಡ್ಡೆ, ಎಂದು ಬರೆದುಬಿಡಬಹುದಿತ್ತು. ಆದರೆ ಗಡ್ಡೆ ಒಂದನೇ ಗ್ರೇಡಿನದು, ಕ್ಯಾನ್ಸರುಗಳಲ್ಲೇ ಕಡಿಮೆ ಉಗ್ರವಾದದ್ದು; ಅಂಥ ಗಡ್ಡೆಯಲ್ಲಿ ಈಸ್ಟ್ರೋಜನ್ ರಿಸೆಪ್ಟರ್ ಇಲ್ಲದಿರುವುದು ಅಪರೂಪ. ಸ್ಲೈಡನ್ನು ಅಂಚಿಗೆ ಸರಿಸಿ ಪಕ್ಕದ ಆರೋಗ್ಯವಂತ ಹಾಲಿನ ನಾಳಗಳನ್ನು ನೋಡಿದೆ. ಅಲ್ಲಲ್ಲಿ ಕಂದು ಕೋಶಕೇಂದ್ರಗಳು ಕಾಣಲೇಬೇಕಾದ ಆ ನಾಳಗಳೂ ಪೂರ್ತಿ ನೀಲಿಯಾಗಿದ್ದವು. ಅಂದರೆ ಆ ಸೊನ್ನೆಯನ್ನು ನಂಬುವಂತಿರಲಿಲ್ಲ.

ಶಸ್ತ್ರಚಿಕಿತ್ಸೆಗೆ ಮೊದಲು ಸೂಜಿಯಿಂದ ತೆಗೆದಿದ್ದ ಬಯಾಪ್ಸಿಯ ಬ್ಲಾಕ್ (ಮೇಣದಲ್ಲಿ ಹುದುಗಿಸಿಟ್ಟ ಅಂಗಾಂಶದ ತುಂಡು) ತರಿಸಿ ಮತ್ತೆ ಬಣ್ಣ ಹಾಕಿಸಿದೆ. ಈಸ್ಟ್ರೋಜನ್ ರಿಸೆಪ್ಟರಿನ ಬಣ್ಣದಲ್ಲಿ ಹತ್ತರಲ್ಲಿ ಒಂಬತ್ತು ಕೋಶಕೇಂದ್ರಗಳು ಗಾಢ ಕಂದಾಗಿ ಎದ್ದು ಕಂಡವು. ಇಂಥ ಗಡ್ಡೆಯಲ್ಲಿ ಆ ರಿಸೆಪ್ಟರನ್ನು ತಡೆಯುವ ಟ್ಯಾಮೋಕ್ಸಿಫೆನ್ ಮಾತ್ರೆಯನ್ನು ಐದು ವರ್ಷ ತೆಗೆದುಕೊಂಡರೆ ಸ್ತನ ಕ್ಯಾನ್ಸರಿನಿಂದ ಬರುವ ಸಾವು ಸುಮಾರು ಮೂರನೇ ಒಂದರಷ್ಟು ಕಡಿಮೆಯಾಗುತ್ತದೆ. ಆ ಮಾತ್ರೆ ಆಕೆಗೆ ತಪ್ಪಿಹೋಗುತ್ತಿತ್ತೆಂಬುದು ಇಂದಿಗೂ ನನ್ನನ್ನು ಕಾಡುತ್ತದೆ.

ಆಮೇಲೆ ನಮಗೆ ಗಡ್ಡೆ ಕಳಿಸುವ ಪ್ರತಿಯೊಬ್ಬ ಸರ್ಜನ್ನರೊಂದಿಗೂ ಕುಳಿತು ಮಾತನಾಡಿದೆ. ತೆಗೆದ ಒಂದು ಗಂಟೆಯೊಳಗೆ ಗಡ್ಡೆಯನ್ನು ತೆಳ್ಳಗೆ ಸೀಳಿ, ಸೀಳುಗಳ ನಡುವೆ ಗಾಜ್ ಬಟ್ಟೆಯಿಟ್ಟು ಫಾರ್ಮಲಿನ್‌ನಲ್ಲಿ ಮುಳುಗಿಸಬೇಕು; ಅದು 6 ಗಂಟೆಗಿಂತ ಕಡಿಮೆ, 72 ಗಂಟೆಗಿಂತ ಹೆಚ್ಚು ಅಲ್ಲಿರಬಾರದು. ತೆಗೆದ ವೇಳೆ, ಮುಳುಗಿಸಿದ ವೇಳೆ ಎರಡನ್ನೂ ಡಬ್ಬಿಯ ಮೇಲೆ ಪೆನ್ಸಿಲಿನಲ್ಲಿ ಬರೆಯಬೇಕು, ಶಾಯಿ ಅಳಿಸಿಹೋಗುತ್ತದೆ.

ಓದುವಾಗಲೂ ಎಚ್ಚರ ಬೇಕು. ಈಸ್ಟ್ರೋಜನ್ ರಿಸೆಪ್ಟರ್ ಶೇ. 1ರಷ್ಟು ಕೋಶಗಳಲ್ಲಿದ್ದರೂ ಪಾಸಿಟಿವ್, ಆದರೆ ಶೇ. 1ರಿಂದ 10ರವರೆಗಿನದನ್ನು ‘ಲೋ ಪಾಸಿಟಿವ್’ ಎಂದೇ ಬರೆಯುತ್ತೇನೆ. ಹರ್-2 ಎರಡು ಪ್ಲಸ್, ಅಂದರೆ ಹೌದೋ ಅಲ್ಲವೋ ಎಂದು ಹೇಳಲಾಗದಂತೆ ಬಂದರೆ, ಅದರ ಜೀನಿನ ಪ್ರತಿಗಳನ್ನು ಎಣಿಸುವ ಫಿಶ್ ಪರೀಕ್ಷೆಗೆ ಕಳಿಸುತ್ತೇನೆ. ಕೆಐ-67 ಶೇ. 5 ಅಥವಾ ಕಡಿಮೆ, ಶೇ. 30 ಅಥವಾ ಹೆಚ್ಚು ಇದ್ದಾಗ ನೆಚ್ಚಬಹುದು. ನಡುವಿನ ಸಂಖ್ಯೆ ಓದುವವರಿಂದ ಓದುವವರಿಗೆ ಬದಲಾಗುವುದನ್ನು ನಾನೇ ಕಂಡಿದ್ದೇನೆ.

ಗಡ್ಡೆಯೂ ಪಕ್ಕದ ನಾಳವೂ ಬಣ್ಣ ಹಿಡಿಯದಿದ್ದರೆ ‘ನೆಗೆಟಿವ್’ ಎಂದು ಬರೆಯುವುದಿಲ್ಲ. ‘ಫಲಿತಾಂಶ ನಿರ್ಧರಿಸಲಾಗದು, ಬೇರೆ ಬ್ಲಾಕ್ ಬೇಕು’ ಎಂದು ಬರೆದು, ವರದಿ ಕೈಸೇರುವ ಮೊದಲೇ ಸರ್ಜನ್ನರಿಗೆ ಫೋನ್ ಮಾಡುತ್ತೇನೆ.